ಗುಡ್ಡದ ಮೇಲಕ್ಕೆ ಅರ್ಧ ಟಿಕೆಟ್

“ಇವರಿಗೆ ಅರವತ್ತು ದಾಟಿದ್ಯಾ? ಸಾಧ್ಯಾನೇ ಇಲ್ಲ. ಸರ್, ಕಾರ್ಡ್ ತೋರಿಸಿ.”

ಟಿಕೆಟ್ ಕೌಂಟರಿನ ಅಣ್ಣ ಹೀಗಂದದ್ದೇ ತಡ, ಅಜ್ಜನ ಮುಖ ಊರಗಲ ಆಯಿತು. ನಿನ್ನೆ ತಾನೇ ತಲೆಗೂ ಮೀಸೆಗೂ ಕಪ್ಪು ಬಣ್ಣ ಹಚ್ಚಿಕೊಂಡಿದ್ದರು. ಕಿವಿಯ ತುದಿಗೂ ಒಂಚೂರು ಮೆತ್ತಿಕೊಂಡಿತ್ತು.

“ಏನಂದೆ? ಇನ್ನೊಂದ್ ಸಲ ಹೇಳಪ್ಪಾ, ಜೋರಾಗಿ ಹೇಳು” ಅಂದರು ಅಜ್ಜ, ಹಿಂದೆ ನಿಂತವರ ಕಡೆ ತಿರುಗಿ.

ಅಜ್ಜನ ಪಕ್ಕದಲ್ಲಿ ಬಟಾಣಿ ನಿಂತಿದ್ದಳು. ಶಾಲೆಯಲ್ಲಿ ಅವಳಿಗೆ ಬೇರೆ ಹೆಸರಿದೆ. ಆದರೆ ಒಂದು ಕಡೆ ನಿಲ್ಲದೆ ಉರುಳಾಡುವ ಹುಡುಗಿಯನ್ನು ಮನೆಯವರೆಲ್ಲ ಬಟಾಣಿ ಅಂತಲೇ ಕರೆಯುವುದು. ಅವಳ ಆಚೆ ಪಕ್ಕ ಚಿಕ್ಕಮ್ಮ. ಎರಡೂ ಕಂಕುಳಲ್ಲಿ ಊರುಗೋಲು, ಬೆನ್ನಿಗೆ ಗಾಳಿಪಟದ ಚೀಲ.

ಭಾನುವಾರ ಬಂತೆಂದರೆ ಚಿಕ್ಕಮ್ಮ, ಬಟಾಣಿ ಇಬ್ಬರೂ ರೋಪ್‌ವೇಯಲ್ಲಿ ಗುಡ್ಡದ ಮೇಲೆ ಹೋಗುತ್ತಾರೆ. ಅಲ್ಲಿನ ಬಯಲಲ್ಲಿ ಯಾವಾಗಲೂ ಒಳ್ಳೆ ಗಾಳಿ. ಚಿಕ್ಕಮ್ಮ ಟೈಲರ್. ವಾರವೆಲ್ಲ ಹೊಲಿದು ಉಳಿದ ಬಟ್ಟೆ ಚೂರುಗಳಲ್ಲಿ ಅವಳು ಮಾಡುವ ಗಾಳಿಪಟಕ್ಕೆ ಸಾಟಿಯೇ ಇಲ್ಲ. ಒಂದು ರೆಕ್ಕೆ ಯಾರದೋ ಕೋಟಿನದು, ಇನ್ನೊಂದು ಯಾರದೋ ಕರ್ಟನ್‌ದು!

ಇವತ್ತು ಅಜ್ಜನೂ ಹೊರಟಿದ್ದರು. ಕೌಂಟರಿನ ಮೇಲೆ ಹೊಸ ಬೋರ್ಡು ಬಂದಿತ್ತು: ‘ಹಿರಿಯ ನಾಗರಿಕರಿಗೆ ಅರ್ಧ ಟಿಕೆಟ್’. ಅದನ್ನು ಓದಿಯೇ ಚಿಕ್ಕಮ್ಮ “ಒಂದು ಹಿರಿಯರದ್ದು ಕೊಡಿ” ಅಂದಿದ್ದಳು.

“ಹಿರಿಯರೂ ಬೇಡ, ಕಿರಿಯರೂ ಬೇಡ!” ಅಜ್ಜ ಎದೆ ಉಬ್ಬಿಸಿದರು. “ಇಷ್ಟೆಲ್ಲ ಹೊಗಳಿಸ್ಕೊಂಡು ಅರ್ಧ ಟಿಕೆಟ್‌ನಲ್ಲಿ ಹೋಗೋದಾ? ನಾನು ಮೆಟ್ಟಿಲು ಹತ್ತಿ ಬರ್ತೀನಿ. ನಿಮಗಿಂತ ಮುಂಚೆ ಅಲ್ಲಿರ್ತೀನಿ, ನೋಡ್ತಿರಿ.”

ಚಿಕ್ಕಮ್ಮ “ಅಪ್ಪಾ, ಬೇಡ” ಅನ್ನುವಷ್ಟರಲ್ಲಿ ಅಜ್ಜ ಮೆಟ್ಟಿಲ ಕಡೆ ಹೊರಟೇಬಿಟ್ಟರು.

ಬಟಾಣಿ ಕೌಂಟರಿನ ಕಟ್ಟೆಗೆ ಗಲ್ಲ ಆನಿಸಿದಳು. “ಅಂಕಲ್, ಅಜ್ಜಂಗೆ ಬೇಡ್ವಂತೆ. ಆ ಅರ್ಧ ನಮ್ ಚಿಕ್ಕಮ್ಮಂಗೆ ಕೊಡಿ.”

“ಹಂಗೆಲ್ಲ ಕೊಡಕ್ಕಾಗಲ್ಲ ಪುಟ್ಟಾ. ಅದು ವಯಸ್ಸಾದವರಿಗೆ.”

“ವಯಸ್ಸಾದವರೇ ಮೆಟ್ಟಿಲು ಹತ್ಕೊಂಡ್ ಹೋದ್ರಲ್ಲ! ಚಿಕ್ಕಮ್ಮಂಗೆ ನಡೆಯಕ್ಕೇ ಕಷ್ಟ. ನೋಡಿ ಇಲ್ಲಿ, ಕಾಲು ನೋಡಿ! ಪಾಪ ಅಲ್ವಾ ಅವಳು?”

ಬಟಾಣಿಯ ಗಂಟಲು ಸಣ್ಣದಲ್ಲ. ಇಡೀ ಕ್ಯೂ ತಿರುಗಿ ಚಿಕ್ಕಮ್ಮನ ಕಾಲು ನೋಡಿತು. ಹಿಂದೆ ನಿಂತ ಹೆಂಗಸೊಬ್ಬರು ಲೊಚಗುಟ್ಟಿದರು. “ಅಯ್ಯೋ, ಇಷ್ಟ್ ಚಿಕ್ಕ ವಯಸ್ಸಿಗೇ…” ಟೋಪಿ ಹಾಕಿದ್ದ ಒಬ್ಬರು ಪರ್ಸ್ ತೆಗೆದರು. “ಪಾಪ, ಈಯಮ್ಮನ ಟಿಕೆಟ್ ನಾನೇ ತಗೋತೀನಿ, ಬಿಡಿ.”

ಚಿಕ್ಕಮ್ಮನ ಕಿವಿ ಕೆಂಪಾಯಿತು. “ಬೇಡ ಸರ್, ಥ್ಯಾಂಕ್ಸ್” ಅಂದಳು. ಆಮೇಲೆ ಕೌಂಟರಿಗೆ, “ಒಂದು ಫುಲ್, ಒಂದು ಮಕ್ಕಳದ್ದು.”

ರೋಪ್‌ವೇ ಡಬ್ಬಿ ತೂಗಾಡುತ್ತ ಮೇಲೇರಿತು. ಬೇರೆ ದಿನ ಆಗಿದ್ದರೆ ಚಿಕ್ಕಮ್ಮ, “ಅದು ನಮ್ಮ ಮನೆ ತಾರಸಿ, ಅಗೋ ನಿನ್ನ ಸ್ಕೂಲು” ಅಂತ ಬೆರಳು ತೋರಿಸುತ್ತಿದ್ದಳು. ಇವತ್ತು ಗಾಳಿಪಟದ ಚೀಲದ ಗಂಟನ್ನೇ ಬಿಚ್ಚಿ ಕಟ್ಟುತ್ತ ಕೂತಳು. ಬಟಾಣಿ ಓರೆಗಣ್ಣಲ್ಲಿ ಅವಳ ಮುಖ ನೋಡಿದಳು. ತಾನು ಮಾಡಿದ್ದು ಒಳ್ಳೇದೇ ತಾನೇ?

ಮೇಲೆ ಗಾಳಿ ಜೋರಾಗಿತ್ತು. ಚಿಕ್ಕಮ್ಮ ಕಲ್ಲುಬೆಂಚಿನ ಮೇಲೆ ಕೂತು, ಊರುಗೋಲನ್ನು ಕೆಳಗಿಟ್ಟು, ದಾರ ಹಿಡಿದಳು. ಬಟಾಣಿ ಗಾಳಿಪಟ ಎತ್ತಿಕೊಂಡು ದೂರ ಓಡಿ ಕೈಬಿಟ್ಟಳು. ಕೋಟು-ಕರ್ಟನ್ ಹಕ್ಕಿ ಒಮ್ಮೆ ಮುಗ್ಗರಿಸಿ, ಆಮೇಲೆ ಸುಯ್ಯನೆ ಏರಿತು. ಬಟಾಣಿ ವಾಪಸ್ ಬಂದು ಬೆಂಚಿನ ತುದಿಯಲ್ಲಿ ಕೂತಳು.

“ಕೋಪ ಬಂದಿದ್ಯಾ?”

“ಬಂದಿತ್ತು. ಗಾಳಿಗೆ ಸ್ವಲ್ಪ ಹಾರಿಹೋಯ್ತು.”

“ನಿಂಗೆ ಅರ್ಧ ಟಿಕೆಟ್ ಬೇಡ್ವಾ?”

“ಬೇಡ ಅಂದೋರ್ ಯಾರು? ಕೊಟ್ರೆ ಎರಡೂ ಕೈಲಿ ತಗೋತೀನಿ!”

“ಮತ್ತೆ?”

ಚಿಕ್ಕಮ್ಮ ದಾರವನ್ನು ಒಮ್ಮೆ ಜಗ್ಗಿ ಸಡಿಲ ಬಿಟ್ಟಳು. “ಅಜ್ಜಂಗೆ ಯಾಕೆ ಅರ್ಧ ಕೊಡ್ತಾರೆ ಹೇಳು ನೋಡೋಣ.”

“ವಯಸ್ಸಾದ್ರೆ ಮಂಡಿ ನೋಯುತ್ತೆ. ಮೆಟ್ಟಿಲು ಹತ್ತಕ್ಕಾಗಲ್ಲ.”

“ಸರಿ. ಕೌಂಟರಲ್ಲಿ ಅಜ್ಜಂಗೆ ಯಾರಾದ್ರೂ ‘ಅಯ್ಯೋ ಪಾಪ’ ಅಂದ್ರಾ?”

ಬಟಾಣಿ ನೆನಪು ಮಾಡಿಕೊಂಡಳು. “ಇಲ್ಲ. ‘ಸರ್’ ಅಂದ್ರು.”

“ನೀನು ನನ್ನ ಕಾಲನ್ನ ಎಕ್ಸಿಬಿಷನ್‌ಗೆ ಇಟ್ಟುಬಿಟ್ಟೆ ಕಣೇ. ಯಾರೋ ದುಡ್ಡು ಕೊಡಕ್ಕೆ ಬಂದ್ರು. ನಾನೇನು ಅಲ್ಲಿ ಕೈ ಚಾಚಿ ನಿಂತಿದ್ನಾ?”

ಬಟಾಣಿಯ ಕಣ್ಣು ತುಂಬಿಕೊಂಡಿತು. “ಸಾರಿ” ಅಂದಿದ್ದು ಅವಳಿಗೇ ಸರಿಯಾಗಿ ಕೇಳಿಸಲಿಲ್ಲ.

ಚಿಕ್ಕಮ್ಮನಿಗೆ ಕೇಳಿಸಿತು. “ಆಯ್ತು, ಬಿಡು. ಅಯ್ಯೋ, ಬೀಳ್ತಾ ಇದೆ! ದಾರ ಸುತ್ತು, ಸುತ್ತು!”

ಇಬ್ಬರೂ ಗಾಳಿಪಟವನ್ನು ಮತ್ತೆ ಎತ್ತರಕ್ಕೆ ಕಳಿಸುವ ಹೊತ್ತಿಗೆ ಅಜ್ಜ ಬಂದರು. ಬಂದರು ಅನ್ನುವುದಕ್ಕಿಂತ ತೆವಳಿದರು ಅನ್ನಬೇಕು. ಬೆಂಚಿನ ಮೇಲೆ ಧೊಪ್ಪನೆ ಕುಸಿದು ಎರಡೂ ಮಂಡಿ ಹಿಡಿದುಕೊಂಡರು. ಬೆವರಿನ ಜೊತೆ ತಲೆಯ ಬಣ್ಣವೂ ಇಳಿದು ಕೆನ್ನೆ ಮೇಲೆಲ್ಲ ಕಪ್ಪು ಗೆರೆ.

“ಯಾರೋ… ಮೆಟ್ಟಿಲು… ಜಾಸ್ತಿ ಮಾಡಿದಾರೆ” ಅಂತ ಏದುಸಿರು ಬಿಟ್ಟರು.

ಚಿಕ್ಕಮ್ಮ ಸೆರಗಿನಿಂದ ಅವರ ಕೆನ್ನೆ ಒರೆಸುತ್ತ ನಗತೊಡಗಿದಳು. ಬಟಾಣಿಯೂ ನಕ್ಕಳು. ಕಡೆಗೆ ಅಜ್ಜನಿಗೂ ತಡೆಯಲಾಗಲಿಲ್ಲ. “ಇಳಿಯೋವಾಗ ರೋಪ್‌ವೇನೇ. ಕಾರ್ಡ್ ಜೇಬಲ್ಲೇ ಇದೆ” ಅಂದರು.

ಬಟಾಣಿ ಬಯಲಿನ ಅಂಚಿಗೆ ಹೋಗಿ ಬೇಲಿ ಹಿಡಿದು ಬಗ್ಗಿ ನೋಡಿದಳು. ಮೆಟ್ಟಿಲ ಮೇಲೆ ಜನವೋ ಜನ. ಮಕ್ಕಳು ಓಡಿ ಬರುತ್ತಿದ್ದರು. ಅಪ್ಪನ ಹೆಗಲೇರಿ ಒಂದು ಪಾಪು ಬರುತ್ತಿತ್ತು. ಅವರಲ್ಲಿ ಯಾರೂ ಟಿಕೆಟ್ ತೆಗೆದುಕೊಂಡಿರಲಿಲ್ಲ.

ಅವಳು ಓಡಿ ಬಂದಳು. “ಚಿಕ್ಕಮ್ಮ! ಮೆಟ್ಟಿಲಿಗೆ ಟಿಕೆಟ್ ಇಲ್ಲ. ಎಲ್ಲರಿಗೂ ಎರಡು ದಾರಿ, ನಿಂಗೆ ಮಾತ್ರ ಒಂದೇ. ದುಡ್ಡು ಕೇಳೋದು ಆ ಒಂದಕ್ಕೇ!”

ಚಿಕ್ಕಮ್ಮ ದಾರ ಸುತ್ತುವುದನ್ನು ನಿಲ್ಲಿಸಿದಳು. “ಇದು ಮಾತು” ಅಂದಳು. “ನಡಿ, ಮ್ಯಾನೇಜರ್ ಹತ್ರ ಕೇಳೋಣ. ಆದ್ರೆ ಕೇಳೋಳು ನಾನು. ನಿನ್ನ ಬಾಯಿಗೆ ಬೀಗ.”

ಇಳಿಯುವಾಗ ಮೇಲಿನ ಕೌಂಟರಿನಲ್ಲಿ ಅಜ್ಜ ಕಾರ್ಡ್ ಹೊರತೆಗೆಯುವ ಮೊದಲೇ ಅಲ್ಲಿ ಕೂತಿದ್ದವರು ಅರ್ಧ ಟಿಕೆಟ್ ಹರಿದುಕೊಟ್ಟರು. ಅಜ್ಜನ ಮುಖ ಸಪ್ಪಗಾಯಿತು.

ಮ್ಯಾನೇಜರ್ ಮೇಡಂ ಕೂರುತ್ತಿದ್ದದ್ದು ಕೆಳಗೆ, ರೋಪ್‌ವೇ ಹಗ್ಗ ಎಳೆಯುವ ದೊಡ್ಡ ಗಾಲಿಯ ಕೋಣೆಯ ಪಕ್ಕದಲ್ಲಿ. ಅವರು ಚಿಕ್ಕಮ್ಮನಿಗೆ ಕುರ್ಚಿ ಹಾಕಿ, ಪೂರ್ತಿ ಕೇಳಿಸಿಕೊಂಡರು.

“ನೀವು ಹೇಳೋದು ಸರಿ. ಆದ್ರೆ ಒಬ್ಬರಿಗೆ ಕೊಟ್ರೆ ಇನ್ನೊಬ್ರು ಬರ್ತಾರೆ. ನಾಳೆ ಕಾಲು ಉಳುಕಿದೋರೂ ಅರ್ಧ ಕೇಳ್ತಾರಲ್ಲ?”

“ಉಳುಕಿದ ಕಾಲು ಸರಿಹೋಗುತ್ತೆ ಮೇಡಂ. ಅಪ್ಪಂಗೆ ಹಿರಿಯರ ಕಾರ್ಡ್ ಇರೋ ಹಾಗೆ ನನ್ನ ಹತ್ರ ವಿಕಲಚೇತನರ ಕಾರ್ಡ್ ಇದೆ. ಅದನ್ನ ನೋಡಿ ಕೊಡಿ.”

“ಬೇಜಾರು ಮಾಡ್ಕೋಬೇಡಿ. ನೀವು ದುಡೀತೀರಲ್ಲ? ಹಿರಿಯರಿಗೆ ಸಂಪಾದನೆ ಇರಲ್ಲ ಅಂತ…”

“ಅಪ್ಪಂಗೆ ಪೆನ್ಷನ್ ಬರುತ್ತೆ. ಅದನ್ನ ಯಾರೂ ಕೇಳಲಿಲ್ಲ. ನನಗೆ ಬಸ್ಸಿನ ಮೆಟ್ಟಿಲೂ ಆಗಲ್ಲ ಮೇಡಂ. ಇಲ್ಲೀವರೆಗೆ ಬರಕ್ಕೂ ಆಟೋನೇ ಬೇಕು. ದುಡಿದದ್ದು ಅದಕ್ಕೇ ಹೋಗುತ್ತೆ.”

ಬಟಾಣಿಯ ಬಾಯಲ್ಲಿ ಮಾತು ಕೊತಕೊತ ಕುದಿಯುತ್ತಿತ್ತು. ಅವಳು ಕೆಳತುಟಿ ಕಚ್ಚಿ ಹಿಡಿದಳು. ಚಿಕ್ಕಮ್ಮ ದನಿ ಏರಿಸಲಿಲ್ಲ. ಅಂಗಡಿಯಲ್ಲಿ ಗಿರಾಕಿಗೆ ಅಳತೆ ಹೇಳುವಾಗ ಹೇಗೋ ಹಾಗೆಯೇ ಮಾತಾಡಿದಳು.

ಮ್ಯಾನೇಜರ್ ಮೇಡಂ ಕಿಟಕಿಯಿಂದ ಮೆಟ್ಟಿಲ ಕಡೆ ನೋಡಿದರು. “ಇದು ನನ್ನ ಕೈಲಿಲ್ಲ. ಮಾಲೀಕರ ಹತ್ರ ಮಾತಾಡ್ತೀನಿ. ಖಂಡಿತ ಮಾತಾಡ್ತೀನಿ.”

“ಅಷ್ಟೇ, ಮಾತಾಡ್ತಾರೆ” ಅಂತ ಅಜ್ಜ ಆಟೋದಲ್ಲಿ ಗೊಣಗಿದರು.

ಮುಂದಿನ ಕೆಲವು ಭಾನುವಾರ ಚಿಕ್ಕಮ್ಮ ಫುಲ್ ಟಿಕೆಟ್ಟನ್ನೇ ತೆಗೆದುಕೊಂಡಳು. ಹಾಗಂತ ಗಾಳಿಪಟ ಹಾರಿಸುವುದು ನಿಲ್ಲಲಿಲ್ಲ. ಒಂದು ಭಾನುವಾರ ನೋಡಿದರೆ, ಬೋರ್ಡಿನಲ್ಲಿ ‘ಹಿರಿಯ ನಾಗರಿಕರಿಗೆ’ ಅನ್ನುವುದರ ಕೆಳಗೆ ‘ವಿಕಲಚೇತನರಿಗೂ’ ಅಂತ ಸೇರಿತ್ತು. ಜಾಗ ಸಾಲದೆ ಅಕ್ಷರಗಳು ಒಂದನ್ನೊಂದು ತಳ್ಳಿಕೊಂಡು ನಿಂತಿದ್ದವು.

“ಚಿಕ್ಕಮ್ಮ!” ಬಟಾಣಿ ಕುಣಿದಳು. ಚಿಕ್ಕಮ್ಮ ಅದನ್ನು ಎರಡು ಸಲ ಓದಿದಳು.

ಕೌಂಟರಿನಲ್ಲಿ ಹೊಸಬರು ಯಾರೋ ಇದ್ದರು. ಅವರು ಊರುಗೋಲು ನೋಡಿ, ಬಟಾಣಿಯ ಕಡೆ ಬಗ್ಗಿ ಮೆಲ್ಲಗೆ ಕೇಳಿದರು, “ಪುಟ್ಟಾ, ಇವರಿಗೆ ಅರ್ಧನಾ? ಕಾಲಿಗೆ ಏನಾಯ್ತು ಇವರಿಗೆ?”

ಬಟಾಣಿಗೆ ಎಲ್ಲ ಗೊತ್ತಿತ್ತು. ಚಿಕ್ಕಮ್ಮ ಎಷ್ಟು ವರ್ಷದವಳಿದ್ದಾಗ ಜ್ವರ ಬಂತು, ಯಾವ ಆಸ್ಪತ್ರೆ, ಎಲ್ಲ. ಬಾಯಿ ತೆರೆದಳು. ಆಮೇಲೆ ಮುಚ್ಚಿದಳು.

“ಅವರು ಇಲ್ಲೇ ಇದಾರಲ್ಲ, ಅಂಕಲ್” ಅಂದು ಸ್ವಲ್ಪ ಪಕ್ಕಕ್ಕೆ ಸರಿದಳು.

ಚಿಕ್ಕಮ್ಮ ಮುಂದೆ ಬಂದು ಕಾರ್ಡನ್ನು ಕಟ್ಟೆಯ ಮೇಲಿಟ್ಟಳು. “ಒಂದು ಅರ್ಧ, ಒಂದು ಮಕ್ಕಳದ್ದು ಕೊಡಿ.”

“ಆಯ್ತು ಮೇಡಂ” ಅಂದರು ಕೌಂಟರಿನವರು. ಕಾಲಿನ ಮಾತು ಮತ್ತೆ ಬರಲಿಲ್ಲ.

ಡಬ್ಬಿ ಬಂದು ನಿಂತಿತು. ಯಾವತ್ತೂ ಮೊದಲು ಓಡಿ ಹತ್ತುತ್ತಿದ್ದ ಬಟಾಣಿ ಇವತ್ತು ಚಿಕ್ಕಮ್ಮನ ಪಕ್ಕದಲ್ಲೇ, ಅವಳ ಹೆಜ್ಜೆಗೆ ಹೆಜ್ಜೆ ಕೂಡಿಸಿ ನಡೆದಳು.