ಮೇಲಿನ ಮನೆ ಬಾಡಿಗೆಗಿದೆ

ಬಾಡಿಗೆಗೆ ಬರುವವರನ್ನು ನಾನು ಪೊಲೀಸರಿಗಿಂತ ಹೆಚ್ಚು ಜಾಲಾಡುತ್ತೇನೆ ಎಂದು ತಂಗಿ ಫೋನಿನಲ್ಲಿ ಗೊಣಗುತ್ತಾಳೆ. ಗೊಣಗಲಿ. ಮಹಡಿಯ ಮನೆ ಹೊಸದು. ಅಲ್ಲಿ ಇನ್ನೂ ಯಾರೂ ಬದುಕಿಲ್ಲ, ಸತ್ತೂ ಇಲ್ಲ.

ಮೊನ್ನೆ ಮಧ್ಯಾಹ್ನ ಗಂಡ ಹೆಂಡತಿ ಇಬ್ಬರು ಮನೆ ನೋಡಲು ಬಂದರು. ಮೆಟ್ಟಿಲು ಹತ್ತಿ ನನಗೆ ಏದುಸಿರು. ಬೀಗ ತೆಗೆದು ಅವರನ್ನು ಒಳಗೆ ಕಳಿಸಿ ಬಾಗಿಲಲ್ಲೇ ನಿಂತೆ. ಹೊರಬಂದಾಗ ಎಂದಿನಂತೆ ಶುರುಮಾಡಿದೆ: “ಏನು ಕೆಲಸ? ಎಷ್ಟು ಜನ ಇರ್ತೀರಿ?”

ಗಂಡನಿಗೆ ರೇಗಿತು. “ಎಷ್ಟು ಸಲ ಹೇಳೋದು? ಅಡುಗೆಮನೇಲಿ ಕೂತಿರೋ ನಿಮ್ಮಕ್ಕ ಎಲ್ಲಾ ಕೇಳಿಬಿಟ್ರಲ್ಲ!”

ಮನೆಗೆ ನಾನೇ ಹಿರಿಯಳು. ನನಗೆ ಅಕ್ಕ ಎಲ್ಲಿಂದ ಬರಬೇಕು? ಒಳಗೆ ಹೋದೆ. ಹಸಿ ಬಣ್ಣದ ವಾಸನೆ ಬಿಟ್ಟರೆ ಯಾರೂ ಇಲ್ಲ. ಅಡುಗೆಮನೆಯ ನೆಲ ಮಂಜುಗಡ್ಡೆಯಂತಿತ್ತು. ಮೂಲೆಯಲ್ಲಿ ಒಂದು ಕಡೆ ಮಾತ್ರ, ಯಾರೋ ಆಗಷ್ಟೇ ಎದ್ದುಹೋದ ಹಾಗೆ, ಬೆಚ್ಚಗಿತ್ತು.

ಹೊರಗೆ ಬಂದು, “ಮನೆ ಕೊಡ್ತೀನಿ ಅಂದ್ರಾ?” ಎಂದು ಕೇಳಿದೆ.

ಹೆಂಡತಿ ಸಂಕೋಚದಿಂದ ಹೇಳಿದಳು: “ಇಲ್ಲಿ ನಾನಿದೀನಿ, ಇದನ್ನ ಕೊಡಲ್ಲ ಅಂದ್ರು. ಕೆಳಗಿನ ಮನೆ ಬೇಗ ಖಾಲಿಯಾಗುತ್ತಂತೆ, ಆಗ ಬರಬೇಕಂತೆ.”

ಕೆಳಗಿನ ಮನೆಯಲ್ಲಿರುವುದು ನಾನೊಬ್ಬಳೇ. ಇವತ್ತು ಬೆಳಿಗ್ಗೆ ನನ್ನ ಅಡುಗೆಮನೆಯ ಮೂಲೆಯಲ್ಲಿ ಬರಿಗಾಲಿಟ್ಟೆ. ನೆಲ ಬೆಚ್ಚಗಿತ್ತು.