ಇಪ್ಪತ್ತೈದಕ್ಕೆ ಇಪ್ಪತ್ತೈದು

"ನಾನು ಓದಿದ್ದಷ್ಟೇ ಹೇಳ್ರೀ, ಸಾಕು," ಎಂದಳು ಮೇಡಂ. ಕೊರಳಲ್ಲಿ ಸ್ಟಾಪ್‌ವಾಚ್, ಕೈಯಲ್ಲಿ ಪೆನ್ಸಿಲ್, ಮೂಗಿನ ತುದಿಯಲ್ಲಿ ಸಿಟ್ಟು.

"ನೀವು ಓದಿದ್ರಲ್ಲಿ ಏನಿದೆ ಮೇಡಂ? ಮುದುಕಿ ಬಸ್ಸಲ್ಲಿ ಕೊಡೆ ಮರೆತಳಂತೆ, ಕಂಡಕ್ಟರ್ ತಂದುಕೊಟ್ಟನಂತೆ. ಇದೂ ಒಂದು ಕಥೆನಾ? ಅದಕ್ಕೇ ಕೊಡೆಯೊಳಗೆ ಒಂದು ಹಾವು ಬಿಟ್ಟೆ."

"ಹಾವಿಗೆ ಮಾರ್ಕ್ಸ್ ಇಲ್ಲ."

"ಕಂಡಕ್ಟರ್ ಕಿಟಕಿಯಿಂದ ಹಾರಿದ್ದಕ್ಕೆ?"

"ಅದಕ್ಕೂ ಇಲ್ಲ. ಇಪ್ಪತ್ತೈದಕ್ಕೆ ಏಳು."

ಏಳು! ಮೈಯೆಲ್ಲ ಉರಿದುಹೋಯಿತು. ನಾನು ಬಾಯಿ ತೆರೆದರೆ ಟೀ ಅಂಗಡಿಯಲ್ಲಿ ಲೋಟಗಳೂ ಕಿವಿಗೊಡುತ್ತವೆ. ಅಂಥವನಿಗೆ ಮೊದಲ ವಾರವೇ ಏಳು!

ನಾನು ಪ್ಲಂಬರ್. ಕೈ ಚೆನ್ನಾಗಿದೆ, ನೆನಪು ಮಾತ್ರ ಸೋರುತ್ತದೆ. ಹೋದ ತಿಂಗಳು ಮೂರನೇ ಮಹಡಿಯಲ್ಲಿ ವಾಲ್ವ್ ಮುಚ್ಚಲು ಮರೆತುಬಂದೆ. ಎರಡನೇ ಮಹಡಿಯವರ ಸೋಫಾ ಬಾಗಿಲ ತನಕ ಈಜಿ ಬಂದು ಬೆಲ್ ಒತ್ತಿತ್ತು. ಅಕ್ಕ ಅಂದೇ ತೀರ್ಮಾನ ಮಾಡಿದಳು. "ನಿನ್ನ ತಲೇಲಿ ವಾಷರ್ ಹೋಗಿದೆ ಕಣೋ. ಹೋಗಿ ಹಾಕಿಸ್ಕೊಂಡು ಬಾ."

ಹಾಗೆ ಬಂದು ಸೇರಿದ್ದು ಈ ಆಸ್ಪತ್ರೆಗೆ. ನೆನಪು, ಗಮನ ಎರಡನ್ನೂ ಹೆಚ್ಚಿಸುವ ಹೊಸ ಮಾತ್ರೆಯನ್ನು ಇಲ್ಲಿ ಮನುಷ್ಯರ ಮೇಲೆ ಪರೀಕ್ಷೆ ಮಾಡುತ್ತಿದ್ದರು. ಕೆಲವರಿಗೆ ನಿಜವಾದ ಮಾತ್ರೆ, ಕೆಲವರಿಗೆ ಬರೀ ಸಕ್ಕರೆಯದು. ಯಾರಿಗೆ ಯಾವುದೆಂದು ಮೇಡಂಗೂ ಗೊತ್ತಿಲ್ಲ. ದಿನಕ್ಕೊಂದು ಮನೆಯಲ್ಲಿ ನುಂಗಿ ಡೈರಿಯಲ್ಲಿ ಟಿಕ್ ಹಾಕಬೇಕು. ಮಂಗಳವಾರ ಬಂದು ಅವಳು ಓದುವ ಹೊಸ ಕಥೆ ಕೇಳಿ ಒಪ್ಪಿಸಬೇಕು. ಹೀಗೆ ಎಂಟು ವಾರ.

ಮೊದಲ ಮಾತ್ರೆ ನುಂಗಿದ ದಿನ ಕಣ್ಣಿಗೆ ನಿದ್ದೆಯಿಲ್ಲ, ನಲ್ಲಿಯ ಹನಿಯೊಂದೂ ಲೆಕ್ಕ ತಪ್ಪಲಿಲ್ಲ. ಅದಾದರೂ ಇರಲಿ. ಟೀ ಅಂಗಡಿಯಲ್ಲಿ ಕಥೆ ಹೇಳಲು ಹೋದರೆ ನಡೆದದ್ದು ನಡೆದ ಹಾಗೇ ಬಾಯಿಗೆ ಬಂತು! ನಾಲ್ಕು ಜನ ಎದ್ದೇ ಹೋದರು. ಜೀವ ಝಲ್ಲೆಂದಿತು. ಮರುದಿನದಿಂದ ಮಾತ್ರೆಯನ್ನು ನಟ್ಟು ಬೋಲ್ಟಿನ ಡಬ್ಬಿಗೆ ಹಾಕಿ, ಡೈರಿಯಲ್ಲಿ ಮಾತ್ರ ಟಿಕ್ ಹಾಕುತ್ತಾ ಬಂದೆ.

ಮೇಡಂಗೆ ಹೇಳಬಹುದಿತ್ತು. ಹೇಳಿದರೆ ಮಂಗಳವಾರ ತಪ್ಪಿಹೋಗುತ್ತಿತ್ತಲ್ಲ!

ಅವಳಿಗೊಂದು ನಿಯಮವಿತ್ತು. ನಾವು ಒಪ್ಪಿಸುವಾಗ ನಗಬಾರದು, ತಲೆಯಾಡಿಸಬಾರದು, ಭೇಷ್ ಎನ್ನಬಾರದು. ಆದರೆ ನಾನು ಸರಿಯಾಗಿ ಹೇಳಿದಾಗ ಪೆನ್ಸಿಲ್ ಟಿಕ್ ಎನ್ನುತ್ತಿತ್ತು, ಎಡಗೆನ್ನೆಯಲ್ಲಿ ಒಂದು ಗುಳಿ ಇಣುಕಿ ಓಡಿಹೋಗುತ್ತಿತ್ತು. ಆ ಗುಳಿಗಾಗಿ ನಾನು ಹಾವನ್ನೇ ಬಿಟ್ಟುಕೊಟ್ಟೆ.

"ಏನ್ರೀ, ಇವತ್ತು ಹುಲಿ ಸಿಂಹ ಯಾವುದೂ ಬರಲಿಲ್ಲ?" ಎಂದಳು ನಾಲ್ಕನೇ ವಾರ, ಕಾಗದದಿಂದ ಕಣ್ಣೆತ್ತದೆ.

"ಬಾಗಿಲ ಹೊರಗೆ ಕೂರಿಸಿದ್ದೀನಿ ಮೇಡಂ. ನಿಮಗೆ ಬೇಕಾದ್ರೆ ಕರೀತೀನಿ."

"ಬೇಡಪ್ಪ." ಗುಳಿ ಆ ದಿನ ಒಂದು ಗಳಿಗೆ ಹೆಚ್ಚೇ ನಿಂತಿತು.

ನಾನು ಕಥೆ ಕೇಳುತ್ತಿರಲಿಲ್ಲ, ಅವಳನ್ನು ಕೇಳುತ್ತಿದ್ದೆ. ಎಲ್ಲಿ ಉಸಿರು ತೆಗೆದುಕೊಳ್ಳುತ್ತಾಳೆ, ಯಾವ ಪದದ ಬಾಲ ನುಂಗುತ್ತಾಳೆ, ಎಲ್ಲಿ ಬೇಸರಕ್ಕೆ ದನಿ ಇಳಿಯುತ್ತದೆ. ಅವಳು ಹೇಳಿದ ಒಂದು ಅಕ್ಷರವನ್ನೂ ನೆಲಕ್ಕೆ ಬೀಳಲು ಬಿಡಲಿಲ್ಲ. ಎಂಟನೇ ವಾರ ಇಪ್ಪತ್ತೈದಕ್ಕೆ ಇಪ್ಪತ್ತೈದು.

ಮುಂದಿನ ಮಂಗಳವಾರ ದೊಡ್ಡ ಡಾಕ್ಟರು ಸಭೆ ಕರೆದರು. ಕಂಪನಿಯವರು, ನಾವು, ನಮ್ಮ ಮನೆಯವರು. ಪರದೆಯ ಮೇಲೆ ಏಣಿಯಂತೆ ಏರುವ ಒಂದು ಕೆಂಪು ಗೆರೆ. "ಇವರಿಗೆ ಕೊಟ್ಟಿದ್ದು ನಿಜವಾದ ಮಾತ್ರೆ. ಏಳರಿಂದ ಇಪ್ಪತ್ತೈದು! ನಮ್ಮ ಮಾತ್ರೆಯ ಪವಾಡ!" ಎಂದು ನನ್ನ ಹೆಗಲು ತಟ್ಟಿದರು.

ನನಗೆ ಬಂದ ಕೋಪ! ಎಂಟು ವಾರ ಕಿವಿ ನಿಮಿರಿಸಿ ಕೂತವನು ನಾನು, ಹಾರ ಆ ಚಿಲ್ಲರೆ ಮಾತ್ರೆಗೆ! ಆದರೂ ಹಲ್ಲು ಕಚ್ಚಿ ಕೂತಿದ್ದೆ.

ಅಷ್ಟರಲ್ಲಿ ಹಿಂದಿನ ಸಾಲಿನಿಂದ ಒಬ್ಬ ಅಜ್ಜ ಎದ್ದರು. "ಡಾಕ್ಟ್ರೇ, ನಮ್ಮ ಮನೆಯವಳಿಗೆ ನನ್ನ ಮುಖ ಮರೆತುಹೋಗಿದೆ. ಯಾರಪ್ಪಾ ನೀನು ಅಂತಾಳೆ. ಇದು ಕೊಟ್ರೆ ಗುರುತು ಹಿಡೀತಾಳಾ?"

"ಇವರನ್ನೇ ನೋಡಿ, ಯಜಮಾನ್ರೇ!" ಡಾಕ್ಟರ ಬೆರಳು ನನ್ನ ಕಡೆ.

ಅಜ್ಜ ನನ್ನನ್ನು ನೋಡಿದ ರೀತಿಗೆ ಕೂರಲಾಗಲಿಲ್ಲ. "ನನ್ನನ್ನ ನೋಡ್ಬೇಡಿ ಅಜ್ಜಾ! ನಾನು ತಿಂದಿದ್ದು ಒಂದೇ ಮಾತ್ರೆ. ಉಳಿದಿದ್ದೆಲ್ಲ ಡಬ್ಬೀಲಿ ಇದೆ!"

ಸಭೆ ಗೊಳ್ಳೆಂದಿತು. ಅಕ್ಕ ಎದ್ದು ಕೈಮುಗಿದಳು. "ಇವನ ಮಾತು ನಂಬ್ಬೇಡಿ ಸಾರ್, ಇವನು ಹುಟ್ಟಿದಾಗ ಅತ್ತಿದ್ದೂ ಸುಳ್ಳೇ!"

ನಗದೇ ಇದ್ದವಳು ಮೇಡಂ ಒಬ್ಬಳೇ. ಸೀದಾ ಬಂದು, ನನ್ನನ್ನು ಪರೀಕ್ಷೆಯ ಕೋಣೆಗೆ ಎಳೆದುಕೊಂಡು ಹೋದಳು. "ಎಲ್ಲಿ ಡಬ್ಬಿ?"

ಸ್ಪ್ಯಾನರ್ ಚೀಲದಿಂದ ತೆಗೆದು ಮೇಜಿನ ಮೇಲೆ ಸುರಿದೆ. ನಟ್ಟುಗಳ ನಡುವೆ ಬಿಳಿ ಮಾತ್ರೆಗಳು.

ಅವಳ ಮುಖ ಕೆಂಪಾಯಿತು. "ಸುಳ್ಳು ಟಿಕ್ ಹಾಕಿದ್ರಾ? ಆ ಅಜ್ಜ ನಿಮ್ಮ ಗೆರೆ ನೋಡಿ ಹೆಂಡತಿ ಬಾಯಿಗೆ ಇದನ್ನ ಹಾಕ್ತಿದ್ರು! ನಾಚ್ಕೆ ಆಗಲ್ವಾ ನಿಮಗೆ?"

"ಆಗ್ತಿದೆ. ಮೊದಲೇ ಹೇಳಿದ್ರೆ ಮಂಗಳವಾರ ನೀವು ಸಿಗ್ತಿರಲಿಲ್ಲ."

"ಮತ್ತೆ ಇಪ್ಪತ್ತೈದು ಹೇಗೆ ಬಂತು?"

"ನೀವು ಓದಿದ್ರಿ ಮೇಡಂ. ಅದಕ್ಕೆ ಬಂತು. ನನ್ನ ಅಕ್ಕನ ಮಾತೇ ನನಗೆ ನೆನಪಿರಲ್ಲ, ನಿಮ್ಮದು ಉಸಿರೂ ನೆನಪಿದೆ. ನಾನು ಸುಳ್ಳ ನಿಜ, ಆದ್ರೆ ಇದು ಸುಳ್ಳಲ್ಲ. ನನ್ನ ಪ್ರೀತಿಗೆ ಬಂದ ಮಾರ್ಕ್ಸನ್ನ ಆ ಮಾತ್ರೆ ಹೊಡ್ಕೊಂಡು ಹೋದ್ರೆ ನಾನು ಸುಮ್ನಿರಲ್ಲ!"

ಅವಳ ಕಣ್ಣು ನನ್ನ ಮುಖದ ಮೇಲೆ ಏನನ್ನೋ ಓದುತ್ತಿತ್ತು, ನಿಧಾನವಾಗಿ, ಒಂದೊಂದೇ ಪದದ ಹಾಗೆ.

ಬಾಗಿಲಲ್ಲಿ ಡಾಕ್ಟರು. ಮೇಜಿನತ್ತ ನೋಡಿದರು, ಬಾಗಿಲು ಮುಚ್ಚಿದರು. "ಡೈರೀಲಿ ಟಿಕ್ ಇದೆಯಲ್ಲ, ಅಷ್ಟೇ ದಾಖಲೆ. ಈ ಡಬ್ಬಿ ನಾನು ನೋಡಿಲ್ಲ. ನೀವೂ ನೋಡಿಲ್ಲ."

"ನಾನು ನೋಡ್ದೆ ಸಾರ್," ಎಂದಳು ಮೇಡಂ.

"ಕೆಲಸ ಬೇಕೋ ಬೇಡ್ವೋ?"

"ಬೇಕು ಸಾರ್. ಮನೇಲಿ ನಾನೊಬ್ಳೇ ದುಡಿಯೋಳು." ಹಾಗೆನ್ನುತ್ತಲೇ ನನ್ನ ಫೈಲು ತೆರೆದು, ಎಂಟು ವಾರದ ಅಂಕಿಗಳ ಮೇಲೆ ಉದ್ದಕ್ಕೆ ಗೆರೆ ಎಳೆದು, 'ಮಾತ್ರೆ ತೆಗೆದುಕೊಂಡಿಲ್ಲ' ಎಂದು ಬರೆದು ಸಹಿ ಹಾಕಿದಳು. ಫೋನಿನಲ್ಲಿ ಆ ಪುಟದ ಫೋಟೋ ಹಿಡಿದು, ಸೀದಾ ಸಭೆಗೆ ಹೋಗಿ ಅಜ್ಜನಿಗೆ ತೋರಿಸಿದಳು. "ಇವರನ್ನ ನೋಡಿ ನಂಬ್ಬೇಡಿ ಅಜ್ಜ, ಇವರು ಮಾತ್ರೆ ತಿಂದಿಲ್ಲ." ಅಜ್ಜ ಫೋಟೋವನ್ನು ಎರಡು ಸಲ ಓದಿ, ಅವಳ ತಲೆಯ ಮೇಲೆ ಕೈಯಿಟ್ಟರು.

ಅವಳ ಕೆಲಸ ಹೋಯಿತು. ಬಸ್ ಸ್ಟಾಪಿನ ತನಕ ಅವಳು ಬೈಯುತ್ತಲೇ ನಡೆದಳು. ಮೊದಲು ಡಾಕ್ಟರಿಗೆ, ಆಮೇಲೆ ಕಂಪನಿಗೆ, ಆಮೇಲೆ ಸಾವಕಾಶವಾಗಿ ನನಗೆ. ಒಂದು ಬಸ್ಸು ಬಂತು, ಹೋಯಿತು. ಇನ್ನೊಂದು ಬಂತು, ಅದೂ ಹೋಯಿತು.

"ನಿಮ್ಮ ಬಸ್ಸು..." ಎಂದೆ.

"ಗೊತ್ತು. ನಾಳೆ ಬೇರೆ ಕೆಲಸ ಹುಡುಕೋಕೆ ಹೋಗ್ಬೇಕು. ಜೊತೆಗೆ ಬನ್ನಿ."

"ಕೆಲಸ ಹುಡುಕೋಕೆ ನಾನ್ಯಾಕೆ?"

"ಬೈಯೋದು ಇನ್ನೂ ಮುಗಿದಿಲ್ಲ," ಎಂದು ನನ್ನ ಸ್ಪ್ಯಾನರ್ ಚೀಲವನ್ನು ಬೆಂಚಿನ ಕೆಳಗೆ ತಳ್ಳಿ, ಪಕ್ಕದಲ್ಲಿ ಜಾಗ ಮಾಡಿಕೊಟ್ಟಳು.