ನಾಗಲೆ ಕಾದ ನೀಲಿ ಗೊಂಚಲು

ಬಹಳ ಹಿಂದಿನ ಮಾತು. ಮುಗಿಲುಗಳು ಕೋಟೆಗೋಡೆಗೆ ಒರಗಿ ನಿಲ್ಲುತ್ತಿದ್ದ ಹಿಮವಾಡಿ ಎಂಬ ರಾಜ್ಯ. ಅಲ್ಲಿ ಬಾಚರಸನೆಂಬವನು ಕೋಟೆಬಾಗಿಲು ಕಾಯುತ್ತಿದ್ದ. ಒಂದು ದಿನ ಧೂಮಾಂಗನೆಂಬ ಮಾಂತ್ರಿಕ ಬಂದು, "ಬಾಗಿಲು ತೆಗೆ, ನಿನ್ನ ಅರಸನ ಸಿಂಹಾಸನ ನನಗೆ ಬೇಕು" ಅಂದ. ಬಾಚರಸ ತೆಗೆಯಲಿಲ್ಲ. ಮಾಂತ್ರಿಕ ಒಂದು ಹಿಡಿ ಬೂದಿ ಊದಿದ. ಬಾಚರಸ ಮಾಯವಾದ, ಬಾಗಿಲು ಮಾತ್ರ ತೆರೆಯಲಿಲ್ಲ. ಅದೇ ಗಳಿಗೆಯಲ್ಲಿ ಅವನ ಮನೆಯಂಗಳದಲ್ಲಿ, ಹೆಂಡತಿ ನಾಗಲೆಯ ಕಣ್ಣೆದುರಿಗೇ, ಗೊಂಚಲು ಗೊಂಚಲಾಗಿ ಹೂಬಿಡುವ ಹೈಡ್ರೇಂಜಿಯದ ಮೊಣಕಾಲೆತ್ತರದ ಗಿಡವೊಂದು ನೆಲ ಸೀಳಿಕೊಂಡು ಎದ್ದಿತು.

"ಇವನೇ ನಿನ್ನ ಗಂಡ," ಗಾಳಿಯಲ್ಲಿ ಮಾಂತ್ರಿಕನ ದನಿ ಕೇಳಿತು. "ಇದು ಹೂಬಿಟ್ಟರೆ ನನ್ನ ಮಾಯೆಯೂ ಇಲ್ಲ, ನಾನೂ ಇಲ್ಲ. ಬರುವ ವಸಂತದಲ್ಲಿ ಹೂಬಿಡದಿದ್ದರೆ ಇವನು ಎಂದೆಂದಿಗೂ ಗಿಡವೇ!"

ಗಿಡ ಹೂಬಿಡದಂತೆ ಮಾಡಲು ಮಾಂತ್ರಿಕ ಮೊದಲು ಬಿಸಿಲು ಕಳಿಸಿದ. ಹಳ್ಳ ಬತ್ತಿತು. ಮಧ್ಯಾಹ್ನವಾದರೆ ಎಲೆಗಳು ಒದ್ದೆಬಟ್ಟೆಯ ಹಾಗೆ ಜೋತುಬೀಳುತ್ತಿದ್ದವು. ನಾಗಲೆ ತನ್ನ ಮದುವೆಯ ಸೀರೆಯನ್ನು ಪಡುವಣ ದಿಕ್ಕಿಗೆ ಕಟ್ಟಿ ನೆರಳು ಮಾಡಿದಳು, ಬುಡಕ್ಕೆ ತರಗೆಲೆ ಹೊದಿಸಿದಳು, ಹುಲಿ ಮಲಗಿದ್ದ ಗುಹೆಯೊಳಗಿನ ಒರತೆಗೆ ಉಸಿರು ಬಿಗಿಹಿಡಿದು ನಡೆದು ಕೊಡದಲ್ಲಿ ನೀರು ತಂದಳು. ಗಿಡ ಉಳಿಯಿತು.

ಆಮೇಲೆ ಕಬ್ಬಿಣದ ಹಲ್ಲಿನ ಜಿಂಕೆಯೊಂದನ್ನು ಕಳಿಸಿದ. ಅದು ಬೇಲಿಯನ್ನೇ ಅಗಿದು ಒಳಗೆ ಬಂತು. ನಾಗಲೆ ಮೆಣಸು, ಬೆಳ್ಳುಳ್ಳಿ ಅರೆದು ಎಲೆಎಲೆಗೂ ಸವರಿಟ್ಟಿದ್ದಳು. ಜಿಂಕೆ ಒಂದು ಎಲೆ ಕಚ್ಚಿತು, ಕಿರುಚಿತು, ಹೊಗೆಯಾಗಿ ಹೋಯಿತು. ಗಿಡ ಉಳಿಯಿತು.

ಚಳಿಗಾಲ ಬಂತು. ಎಲೆಗಳೆಲ್ಲ ಉದುರಿ ಬರೀ ಕಂದು ಕಡ್ಡಿಗಳು ನಿಂತವು. ಒಂದು ಮುಂಜಾನೆ ಅತ್ತೆ ದೇಮವ್ವೆ ಕುಡುಗೋಲು ಹಿಡಿದು ಅಂಗಳಕ್ಕೆ ಬಂದಳು.

"ಒಣಗಿದ್ದನ್ನೆಲ್ಲ ಬುಡಕ್ಕೇ ಕತ್ತರಿಸಿಬಿಡು ಮಗಳೇ. ಆಗಲೇ ಹೊಸ ಚಿಗುರು ಬರೋದು."

ನಾಗಲೆ ಕುಡುಗೋಲು ತೆಗೆದುಕೊಂಡಳು. ಕಡ್ಡಿಯನ್ನು ಬಾಗಿಸಿದಳು. ಬೆರಳಿಗೆ ಏನೋ ತಗುಲಿತು. ಕಡ್ಡಿಯ ತುದಿಯಲ್ಲಿ ಒಂದು ದುಂಡು ಮೊಗ್ಗು! ಇನ್ನೊಂದು ಕಡ್ಡಿ ನೋಡಿದಳು, ಅಲ್ಲೂ ಒಂದು. ಹೂವು ಬರಬೇಕಾದದ್ದು ಈ ಹಳೆಯ ಕಡ್ಡಿಗಳಿಂದಲೇ. ಮಗನ ಗಿಡವನ್ನೇ ಕಡಿ ಅನ್ನುವವಳು ನಿಜಕ್ಕೂ ಅತ್ತೆಯೇ ಎಂದು ಪರೀಕ್ಷಿಸಲು ಅವಳು ಕುಡುಗೋಲನ್ನು ಹಿಂದಕ್ಕೆ ಚಾಚಿದಳು.

"ನನ್ನ ಕೈಲಿ ಆಗಲ್ಲ ಅತ್ತೆ. ನೀವೇ ಕತ್ತರಿಸಿ."

ಅತ್ತೆ ಥಟ್ಟನೆ ಹಿಂದೆ ಸರಿದಳು. ಮಾಯೆ ಕಟ್ಟಿದವನು ಆ ಗಿಡವನ್ನು ತನ್ನ ಕೈಯಾರೆ ಕಡಿಯುವ ಹಾಗಿಲ್ಲ. "ನನಗೆ ಕೈ ನಡುಗತ್ತೆ. ನೀನೇ ಕಡಿ. ಕಡಿ ಅಂದೆನಲ್ಲ!"

ಅಷ್ಟರಲ್ಲಿ ಒಳಗಿನಿಂದ ಇನ್ನೊಬ್ಬ ದೇಮವ್ವೆ ಅಕ್ಕಿ ತೊಳೆದ ನೀರಿನ ಪಾತ್ರೆ ಹಿಡಿದು ಹೊರಬಂದಳು. "ಯಾರ ಹತ್ತಿರ ಮಾತಾಡ್ತಿದ್ದೀಯೇ ನಾಗಲೆ?"

ಅಂಗಳದಲ್ಲಿದ್ದವಳ ಮುಖ ಕರಗಿ ಧೂಮಾಂಗನ ಮುಖವಾಯಿತು. ಅವನು ಬೂದಿಯ ಮುಷ್ಟಿಯನ್ನು ನಾಗಲೆಯ ಮುಖದೆದುರು ಹಿಡಿದ. "ಹಾಗಾದರೆ ನೀನೂ ಗಿಡವಾಗು!"

"ನನ್ನ ಸೊಸೇನ ಮುಟ್ಟಬೇಡ!" ದೇಮವ್ವೆ ಪಾತ್ರೆಯ ನೀರನ್ನೆಲ್ಲ ಅವನ ಕೈಮೇಲೆ ಎರಚಿದಳು. ಬೂದಿ ಕೆಸರಾಗಿ ಬೆರಳುಗಳಿಂದ ಸೋರಿತು. ಮಾಂತ್ರಿಕ ಬೇಲಿ ಹಾರಿ ಓಡಿದ.

ಅಂದಿನಿಂದ ಅತ್ತೆ ಸೊಸೆ ಇಬ್ಬರೂ ಸರದಿಯಂತೆ ಗಿಡದ ಪಕ್ಕದಲ್ಲೇ ಕೂತರು. ವಸಂತ ಬಂತು. ಮೊಗ್ಗು ಒಡೆದು ತಿಳಿಹಸಿರಾಯಿತು, ಬಿಳಿಯಾಯಿತು, ಅಂಚಿನಲ್ಲಿ ನೀಲಿ ಇಣುಕಿತು. ಧೂಮಾಂಗ ಕಪ್ಪು ಹೊಗೆಯಾಗಿ ಬೆಟ್ಟ ಇಳಿದು ನುಗ್ಗಿ ಬಂದ. ನಾಗಲೆ ಗಿಡಕ್ಕೆ ಅಡ್ಡಲಾಗಿ ನಿಂತು ಕಣ್ಣು ಮುಚ್ಚಿದಳು. ಅವಳ ಬೆನ್ನ ಹಿಂದೆ ಗೊಂಚಲು ಪೂರಾ ಅರಳಿತು. ಹೊಗೆ ಚೂರುಚೂರಾಗಿ ಗಾಳಿಗೆ ಹಾರಿಹೋಯಿತು.

ಯಾರೋ ಅವಳ ಭುಜ ಮುಟ್ಟಿದರು.

"ಮಧ್ಯಾಹ್ನದ ಬಿಸಿಲು ಎಷ್ಟು ಸುಡ್ತಿತ್ತು ಗೊತ್ತೇನೇ!" ಬಾಚರಸನ ದನಿ.

ನಾಗಲೆ ಅತ್ತಳೋ ನಕ್ಕಳೋ ಅವಳಿಗೇ ತಿಳಿಯಲಿಲ್ಲ. ಧೂಮಾಂಗ ಹಿಂದೆ ಗಿಡಮರಗಳನ್ನಾಗಿ ಮಾಡಿದ್ದ ಬೇರೆಯವರೂ ಅಂದೇ ಮನುಷ್ಯರಾಗಿ ತಂತಮ್ಮ ಮನೆ ಸೇರಿದರು. ಹಿಮವಾಡಿಯ ಮನೆಮನೆಯಲ್ಲೂ ಒಲೆ ಹೊತ್ತಿತು, ಊಟಕ್ಕೆ ಎಲೆ ಹಾಕಿದರು, ಎಲ್ಲರೂ ನೆಮ್ಮದಿಯಾಗಿ ಬಹುಕಾಲ ಬಾಳಿದರು.